ಯಾವ ಪೆಟ್ಟಿಗೆ ಖಾಲಿಯಾಯಿತು?

ಪುಣೆ, ಹೈದರಾಬಾದ್, ನೊಯ್ಡಾ, ಡಲ್ಲಾಸ್, ಎಲ್ಲಿಂದ ನೋಡ್ತಾ ಇದ್ದೀರೋ ಗೊತ್ತಿಲ್ಲ. ನಾನು ಸಾಸವಡದಿಂದ ಮಾತಾಡ್ತಾ ಇದ್ದೀನಿ. ಪುಣೆಯವರಿಗೆ ಗೊತ್ತಿರುತ್ತೆ: ಹಡಪಸರ ದಾಟಿ, ದಿವೆ ಘಾಟ್ ಹತ್ತಿದರೆ ಸಾಸವಡ. ಆಫೀಸಿನ ಹತ್ತಿರ ಮನೆ ಕೊಳ್ಳೋಕೆ ದುಡ್ಡು ಸಾಲದ ನಮ್ಮಂಥವರು ಘಾಟ್ ಹತ್ತಿ ಇಲ್ಲಿಗೆ ಬಂದು ನೆಲೆಸಿದ್ದೀವಿ.

ನಮ್ಮ ಮನೆ ಟೆರೇಸಿನಿಂದ ನೋಡಿದರೆ ಪುರಂದರ ಬೆಟ್ಟ ಕಾಣುತ್ತೆ. 1665ರಲ್ಲಿ ಶಿವಾಜಿ ಮಹಾರಾಜರಿಗೂ ಮಿರ್ಜಾ ರಾಜಾ ಜಯಸಿಂಗನಿಗೂ ಒಪ್ಪಂದ ಆಯ್ತಲ್ಲ, ಅದೇ ಪುರಂದರ. ಇಲ್ಲಿನವರು ಈ ಬೆಟ್ಟದ ಬಗ್ಗೆ ಇನ್ನೊಂದು ಕಥೆ ಹೇಳ್ತಾರೆ. ಹನುಮಂತ ಸಂಜೀವಿನಿಗಾಗಿ ದ್ರೋಣಗಿರಿಯನ್ನೇ ಹೊತ್ತುಕೊಂಡು ಹೋಗುವಾಗ ಅದರ ಒಂದು ತುಣುಕು ಮುರಿದು ಇಲ್ಲಿ ಬಿತ್ತಂತೆ. ಆ ತುಣುಕೇ ಪುರಂದರ.

ಕಳೆದ ಮಳೆಗಾಲದಲ್ಲಿ ಈ ಕಥೆಯನ್ನ ನನ್ನ ಮಗಳಿಗೆ ಹೇಳಿದೆ. ಅವಳಿಗೆ ಏಳು ವರ್ಷ. ಶಾಲೆಯಲ್ಲಿ ಮರಾಠಿ, ಮನೆಯಲ್ಲಿ ಕನ್ನಡ. ಬೆಟ್ಟವನ್ನೇ ಸ್ವಲ್ಪ ಹೊತ್ತು ನೋಡಿ ಕೇಳಿದಳು: "ಅಪ್ಪಾ, ಬೆಟ್ಟ ಎತ್ತೋ ಮೊದಲು ಹನುಮಂತ ಏನು ತಿಂದಿದ್ದ?"

ನಕ್ಕುಬಿಟ್ಟೆ. ಆಮೇಲೆ ಅನ್ನಿಸ್ತು, ಇದು ಸರಿಯಾದ ಪ್ರಶ್ನೆ ಅಂತ. ಕಳೆದ ವರ್ಷ ಇದೇ ಪ್ರಶ್ನೆಯನ್ನ ನಾನು ಒಂದು ಕಡೆ ಕೇಳಬೇಕಿತ್ತು. ಕೇಳಲಿಲ್ಲ. ಅದರಿಂದ ನಮ್ಮ ಮಾವನ ಒಂದು ಲಕ್ಷ ಅರವತ್ತು ಸಾವಿರ ರೂಪಾಯಿ ಹೋಯ್ತು. ಆ ಕಥೆಗೆ ಕೊನೆಯಲ್ಲಿ ಬರ್ತೀನಿ. ಮೊದಲು ಬೆಟ್ಟ.

ದಿವೆ ಘಾಟ್‌ನ ಲೆಕ್ಕ

ನಾನು ದಿನಾ ಎಲೆಕ್ಟ್ರಿಕ್ ಸ್ಕೂಟರ್‌ನಲ್ಲಿ ಓಡಾಡ್ತೀನಿ. ಬೆಳಗ್ಗೆ ಘಾಟ್ ಇಳಿಯುವಾಗ ಬ್ಯಾಟರಿ ಹೆಚ್ಚುಕಮ್ಮಿ ಇದ್ದಲ್ಲೇ ಇರುತ್ತೆ. ಸಂಜೆ ಹತ್ತುವಾಗ ಪರ್ಸೆಂಟೇಜ್ ಕಣ್ಣೆದುರೇ ಇಳಿಯುತ್ತೆ. ಯಾಕೆ?

ನಾನು, ಸ್ಕೂಟರ್, ಲ್ಯಾಪ್‌ಟಾಪ್ ಬ್ಯಾಗ್, ದಾರಿಯಲ್ಲಿ ತಗೊಂಡ ತರಕಾರಿ ಎಲ್ಲ ಸೇರಿ 200 ಕೆಜಿ ಅನ್ನೋಣ. ಏರಿನ ಎತ್ತರ, ಲೆಕ್ಕ ಸುಲಭ ಆಗಲಿ ಅಂತ, 200 ಮೀಟರ್ ಅಂತ ಹಿಡಿಯೋಣ. ತೂಕ, ಗುರುತ್ವ, ಎತ್ತರ ಮೂರನ್ನೂ ಗುಣಿಸಿದರೆ ನಾಲ್ಕು ಲಕ್ಷ ಜೂಲ್. ಕರೆಂಟ್ ಬಿಲ್ಲಿನ ಒಂದು ಯೂನಿಟ್ ಅಂದ್ರೆ 36 ಲಕ್ಷ ಜೂಲ್. ಅಂದ್ರೆ ಯೂನಿಟ್‌ನ ಒಂಬತ್ತನೇ ಒಂದು ಪಾಲು. ಮೂರು ಯೂನಿಟ್ ಹಿಡಿಯುವ ಬ್ಯಾಟರಿಯಲ್ಲಿ ಸುಮಾರು ನಾಲ್ಕು ಪರ್ಸೆಂಟ್, ಬರೀ ಮೇಲಕ್ಕೆ ಏರಿದ್ದಕ್ಕೆ. ಮುಂದಕ್ಕೆ ಸಾಗೋದರ ಖರ್ಚು ಬೇರೆ.

ಆಷಾಢಿ ವಾರಿಯಲ್ಲಿ ಜ್ಞಾನೇಶ್ವರರ ಪಾಲ್ಕಿ ಇದೇ ಘಾಟ್ ಹತ್ತಿ ಸಾಸವಡಕ್ಕೆ ಬರುತ್ತೆ. ಸಾವಿರಾರು ವಾರಕರಿಗಳು ಕಾಲ್ನಡಿಗೆಯಲ್ಲಿ ಏರ್ತಾರೆ. ಅವರಿಗೂ ಇದೇ ಲೆಕ್ಕ. 60 ಕೆಜಿ ತೂಕದ ಮನುಷ್ಯ 200 ಮೀಟರ್ ಏರೋಕೆ ಒಂದು ಲಕ್ಷ ಇಪ್ಪತ್ತು ಸಾವಿರ ಜೂಲ್ ಬೇಕು. ಒಂದು ಜೋಳದ ರೊಟ್ಟಿಯಲ್ಲಿ ಸುಮಾರು ಆರು ಲಕ್ಷ ಜೂಲ್ ಇರುತ್ತೆ. ನಮ್ಮ ಸ್ನಾಯು ಅದರಲ್ಲಿ ಕಾಲು ಭಾಗವನ್ನಷ್ಟೇ ಕೆಲಸವಾಗಿ ಮಾಡುತ್ತೆ, ಉಳಿದದ್ದು ಬೆವರು, ಬಿಸಿ. ಹಾಗಾಗಿ ಘಾಟ್ ಏರಿದ ಖರ್ಚು ಒಂದು ರೊಟ್ಟಿಗಿಂತ ಸ್ವಲ್ಪ ಕಡಿಮೆ. ವಿಠ್ಠಲನ ಹೆಸರು ಕಾಲಿಗೆ ಧೈರ್ಯ ಕೊಡುತ್ತೆ, ಏರಿಗೆ ಬೇಕಾದ ಜೂಲ್ ರೊಟ್ಟಿಯಿಂದಲೇ ಬರಬೇಕು.

ಶಕ್ತಿ ಹುಟ್ಟಲ್ಲ, ಸಾಯಲ್ಲ, ರೂಪ ಬದಲಿಸುತ್ತೆ. ಹೈಸ್ಕೂಲಿನಲ್ಲಿ ಬಾಯಿಪಾಠ ಮಾಡಿದ್ದೀವಿ. 1840ರ ದಶಕದಲ್ಲಿ ಮೇಯರ್, ಜೂಲ್, ಹೆಲ್ಮ್‌ಹೋಲ್ಟ್ಜ್ ಇದನ್ನ ಗಟ್ಟಿ ಮಾಡಿದರು. ನಮ್ಮ ಭಾಷೆಯಲ್ಲಿ ಹೇಳೋದಾದ್ರೆ ಇದು ಯುಪಿಐ ಇದ್ದ ಹಾಗೆ. ನಿಮ್ಮ ಅಕೌಂಟಿಗೆ ಐನೂರು ಬಂತು ಅಂದ್ರೆ ಯಾರದ್ದೋ ಅಕೌಂಟಿನಿಂದ ಐನೂರು ಹೋಗಿದೆ. ಹೋಗದೆ ಬರೋಕೆ ಸಾಧ್ಯ ಇಲ್ಲ.

ಬೆಟ್ಟ ಎತ್ತೋದು, ಬೆಟ್ಟ ಇಳಿಸೋದು

ಈಗ ಹನುಮಂತ. ಯಾರೂ ಬೇಜಾರು ಮಾಡ್ಕೋಬೇಡಿ. ನಮ್ಮವ್ವ ಪ್ರತಿ ಶನಿವಾರ ಹನುಮಪ್ಪನ ಗುಡಿಗೆ ಹೋಗೋಳು. ನಾನೂ ಹಂಪಿ ಪಕ್ಕದ ಅಂಜನಾದ್ರಿ ಮೆಟ್ಟಿಲು ಹತ್ತಿ ಬಂದೋನೇ. ಈ ಲೆಕ್ಕ ಪ್ರೀತಿಯಿಂದ ಮಾಡಿದ್ದು.

ಅರ್ಧ ಕಿಲೋಮೀಟರ್ ಎತ್ತರ, ಬುಡದಲ್ಲಿ ಎರಡು ಕಿಲೋಮೀಟರ್ ಅಗಲದ ಒಂದು ಗುಡ್ಡ ತಗೊಳ್ಳಿ, ಶಂಕುವಿನ ಆಕಾರದ್ದು. ದ್ರೋಣಗಿರಿಗೆ ಇದು ತೀರಾ ಚಿಕ್ಕದು, ಇರಲಿ. ಕಲ್ಲಿನ ಸಾಂದ್ರತೆ ಹಾಕಿ ನೋಡಿದರೆ ತೂಕ ಸುಮಾರು 150 ಕೋಟಿ ಟನ್. ಇದನ್ನ ಬರೀ ಒಂದು ಕಿಲೋಮೀಟರ್ ಮೇಲಕ್ಕೆ ಎತ್ತಬೇಕು ಅಂದ್ರೆ ಸುಮಾರು 417 ಕೋಟಿ ಯೂನಿಟ್ ಬೇಕು.

ಇದು ಎಷ್ಟು ಅಂತ ಅಂದಾಜಿಗೆ ಬರಲಿ. ನಮ್ಮ ಶರಾವತಿ ವಿದ್ಯುದಾಗಾರದ ಸಾಮರ್ಥ್ಯ 1,035 ಮೆಗಾವ್ಯಾಟ್. ಹತ್ತೂ ಯಂತ್ರ ಹಗಲು ರಾತ್ರಿ ಪೂರ್ತಿ ಓಡಿದರೆ ದಿನಕ್ಕೆ ಎರಡೂವರೆ ಕೋಟಿ ಯೂನಿಟ್. ಹಾಗಾದ್ರೆ ಶರಾವತಿ ಒಂದು ಕ್ಷಣವೂ ನಿಲ್ಲದೆ ಐದೂವರೆ ತಿಂಗಳು ಓಡಬೇಕು. ಮಹಾರಾಷ್ಟ್ರದವರು ಕೊಯ್ನಾದ ಲೆಕ್ಕ ಕೇಳಿದರೆ, 1,960 ಮೆಗಾವ್ಯಾಟ್‌ನ ಕೊಯ್ನಾ ಮೂರು ತಿಂಗಳು ಓಡಬೇಕು. ಹನುಮಂತ ಒಂದು ರಾತ್ರಿಯಲ್ಲಿ ಮುಗಿಸಿದ.

ಮಗಳ ಪ್ರಶ್ನೆಗೆ ಉತ್ತರ: ರೊಟ್ಟಿ ತಿಂದು ಎತ್ತಿದ್ದರೆ ಹತ್ತು ಸಾವಿರ ಕೋಟಿ ರೊಟ್ಟಿ. ಅವಳಿಗೆ ಹೇಳಿದೆ. "ಪಲ್ಯ?" ಅಂದಳು.

ಇಲ್ಲಿ ಒಂದು ತಮಾಷೆ ಇದೆ. ಐನ್‌ಸ್ಟೈನರ ಸೂತ್ರ ಹಾಕಿ ನೋಡಿ. ವಸ್ತುವನ್ನ ಪೂರ್ತಿಯಾಗಿ ಶಕ್ತಿ ಮಾಡಿಬಿಟ್ಟರೆ, ಇಷ್ಟಕ್ಕೆಲ್ಲ ಬೇಕಾಗೋದು ಬರೀ 167 ಗ್ರಾಂ. ಒಂದು ಸಾಧಾರಣ ಮಾವಿನಹಣ್ಣು! ಸೂರ್ಯನನ್ನೇ ಹಣ್ಣು ಅಂತ ಹಾರಿದ ಮಗುವಿಗೆ ಇದೇನು ಮಹಾ. ಆದ್ರೆ ಮಾವಿನಹಣ್ಣನ್ನ ಹಾಗೆ ಪೂರ್ತಿ ಶಕ್ತಿ ಮಾಡೋ ದಾರಿ ಯಾರ ಕೈಯಲ್ಲೂ ಇಲ್ಲ. ಕೈಗಾದಲ್ಲಿ ಯುರೇನಿಯಂ ಒಡೆದಾಗಲೂ ಒಡೆದ ದ್ರವ್ಯದ ಸಾವಿರದಲ್ಲಿ ಒಂದು ಪಾಲಿನಷ್ಟು ಮಾತ್ರ ಶಕ್ತಿಯಾಗುತ್ತೆ.

ಎತ್ತೋದು ಇರಲಿ, ಇಳಿಸೋದು ಹೇಗೆ? ಸಿನಿಮಾದಲ್ಲಿ ಇದನ್ನ ಯಾರೂ ಕೇಳೋದೇ ಇಲ್ಲ. ಹಿಮಾಲಯದಿಂದ ಲಂಕೆಗೆ ಮೂರು ಸಾವಿರ ಕಿಲೋಮೀಟರ್ ಅನ್ನಿ, ಆರು ಗಂಟೆ ಅನ್ನಿ. ಗಂಟೆಗೆ 500 ಕಿಲೋಮೀಟರ್ ವೇಗ. ಆ ವೇಗದಲ್ಲಿ ಹೋಗೋ ಬೆಟ್ಟದ ಚಲನಶಕ್ತಿ ಲೆಕ್ಕ ಹಾಕಿದರೆ, ಎತ್ತೋಕೆ ಎಷ್ಟು ಬೇಕಿತ್ತೋ ಹೆಚ್ಚುಕಮ್ಮಿ ಅಷ್ಟೇ ಬರುತ್ತೆ. ಲಂಕೆಯಲ್ಲಿ ನಿಲ್ಲಿಸುವಾಗ ಆ ಶಕ್ತಿ ಎಲ್ಲಿಗೆ ಹೋಗಬೇಕು? ನಾನು ದಿವೆ ಘಾಟ್ ಇಳಿದು ಬ್ರೇಕ್ ಮುಟ್ಟಿದರೆ ಡಿಸ್ಕ್ ಕೈ ಸುಡುತ್ತೆ. 200 ಕೆಜಿಗೆ ಅಷ್ಟು. 150 ಕೋಟಿ ಟನ್ ಬೆಟ್ಟ ನಿಲ್ಲಿಸಿದರೆ ಹೊರಬರೋ ಶಕ್ತಿ ಹಿರೋಷಿಮಾದ ಮೇಲೆ ಬಿದ್ದಂಥ ಇನ್ನೂರಕ್ಕೂ ಹೆಚ್ಚು ಬಾಂಬುಗಳಷ್ಟು. ಲಕ್ಷ್ಮಣನನ್ನ ಎಬ್ಬಿಸೋಕೆ ತಂದ ಮದ್ದು ಎರಡೂ ಸೈನ್ಯವನ್ನ ಮಲಗಿಸಿಬಿಡ್ತಿತ್ತು.

ಇಂಗ್ಲಿಷ್ ಹೀರೋಗಳೂ ಅಷ್ಟೇ

ನಮ್ಮವರು ಮಾತ್ರ ಲೆಕ್ಕ ತಪ್ಪಿದ್ರು ಅಂದ್ಕೋಬೇಡಿ. ಸೂಪರ್‌ಮ್ಯಾನ್‌ಗೆ ಬಲ ಬರೋದು ಸೂರ್ಯನ ಬೆಳಕಿನಿಂದ ಅಂತಾರೆ. ಒಳ್ಳೇದು, ಮೂಲ ಆದ್ರೂ ಹೇಳಿದ್ರು. ಮನುಷ್ಯನ ಮೈ ಮೇಲೆ ಬೀಳೋ ಬಿಸಿಲು ಹೆಚ್ಚೆಂದರೆ ಒಂದು ಚದರ ಮೀಟರ್, ಅಂದ್ರೆ ಒಂದು ಕಿಲೋವ್ಯಾಟ್. ದಿನಕ್ಕೆ ಐದು ಗಂಟೆ ಚುರುಕು ಬಿಸಿಲು ಹಿಡಿದರೆ ಐದು ಯೂನಿಟ್. ಒಂದು ಹನಿ ನಷ್ಟ ಇಲ್ಲದೆ ಬಳಸಿದರೆ 18 ಟನ್ ಬಸ್ಸನ್ನ ನೂರು ಮೀಟರ್ ಮೇಲಕ್ಕೆ ಒಂದೇ ಒಂದು ಸಲ ಎತ್ತಬಹುದು. ಆಮೇಲೆ ನಾಳೆ ಬೆಳಗ್ಗೆವರೆಗೂ ಚಾರ್ಜಿಂಗ್.

2015ರ ಆಂಟ್‌ಮ್ಯಾನ್ ಸಿನಿಮಾದಲ್ಲಿ ಅಣುಗಳ ನಡುವಿನ ಜಾಗ ಕುಗ್ಗಿಸ್ತೀವಿ ಅಂತಾರೆ. ಸರಿ, ಹಾಗಾದ್ರೆ ತೂಕ ಇದ್ದಷ್ಟೇ ಇರಬೇಕು. ಇರುವೆಯಷ್ಟಾದ ಹೀರೋ ಹೊಡೆದರೆ ಮನುಷ್ಯ ಹೊಡೆದಷ್ಟೇ ಪೆಟ್ಟು ಬೀಳುತ್ತೆ, ಅದು ಸರಿ. ಆದ್ರೆ ಅದೇ ಸಿನಿಮಾದಲ್ಲಿ ಒಂದು ಯುದ್ಧ ಟ್ಯಾಂಕನ್ನ ಕುಗ್ಗಿಸಿ ಕೀಚೈನ್ ಮಾಡಿ ಜೇಬಲ್ಲಿ ಇಟ್ಕೊಂಡು ಓಡಾಡ್ತಾರೆ. ಪ್ಯಾಂಟ್ ಜಾರಲ್ಲ! ಒಂದೇ ಸಿನಿಮಾದಲ್ಲಿ ಎರಡು ಲೆಕ್ಕದ ಪುಸ್ತಕ.

ನಮ್ಮ ಹಳಬರು ಈ ವಿಷಯದಲ್ಲಿ ಜಾಣರು. ಅಷ್ಟಸಿದ್ಧಿಗಳ ಹೆಸರು ನೆನಪು ಮಾಡ್ಕೊಳ್ಳಿ. ಅಣಿಮಾ ಅಂದ್ರೆ ಚಿಕ್ಕದಾಗೋದು, ಮಹಿಮಾ ಅಂದ್ರೆ ದೊಡ್ಡದಾಗೋದು. ಲಘಿಮಾ ಅಂದ್ರೆ ಹಗುರಾಗೋದು, ಗರಿಮಾ ಅಂದ್ರೆ ಭಾರವಾಗೋದು. ಗಾತ್ರಕ್ಕೆ ಬೇರೆ ಸಿದ್ಧಿ, ತೂಕಕ್ಕೆ ಬೇರೆ ಸಿದ್ಧಿ! ಗಾತ್ರ ಬದಲಾದ ಮಾತ್ರಕ್ಕೆ ತೂಕ ಬದಲಾಗಲ್ಲ ಅಂತ ಅವರಿಗೆ ಹೊಳೆದಿತ್ತು.

ಹೊಳೆದಿದ್ದೇನೋ ಸರಿ, ಬಿಲ್ ಮಾತ್ರ ಯಾರೂ ಕಟ್ಟಿಲ್ಲ. 80 ಕೆಜಿಯ ಒಬ್ಬ ಹೆಬ್ಬೆರಳಷ್ಟಾದ ಅನ್ನಿ. ತೂಕ ಹಾಗೇ ಉಳಿದರೆ ಅವನ ಮೈ ಚಿನ್ನಕ್ಕಿಂತ 400 ಪಟ್ಟು ಸಾಂದ್ರ, ನಿಂತ ನೆಲ ಕುಸಿಯುತ್ತೆ. ತೂಕ ಮಾಯ ಆದ್ರೆ ಅದು ಶಕ್ತಿಯಾಗಿ ಹೊರಗೆ ಬರಬೇಕು. 1961ರಲ್ಲಿ ಸೋವಿಯತ್ ಒಕ್ಕೂಟ ಸಿಡಿಸಿದ, ಮನುಷ್ಯ ಇದುವರೆಗೆ ಸಿಡಿಸಿದ ಅತಿ ದೊಡ್ಡ ಬಾಂಬಿನ ಮೂವತ್ತಕ್ಕೂ ಹೆಚ್ಚು ಪಟ್ಟು. ಲಂಕೆಯನ್ನ ಬಾಲದಿಂದ ಸುಡೋ ಕಷ್ಟವೇ ಬೇಕಾಗಿರಲಿಲ್ಲ.

ಮೂಗುತಿಯ ಲೆಕ್ಕ

ಹಾಗಾದ್ರೆ ಪುರಾಣ ಎಲ್ಲಾ ಸುಳ್ಳಾ, ಮಕ್ಕಳಿಗೆ ಹೇಳಬಾರದಾ? ನನ್ನ ಮಾತು ಅದಲ್ಲ. ನಾನು ಭಾನುವಾರ ಶಕ್ತಿಮಾನ್ ನೋಡಿ, ಗರಗರ ತಿರುಗಿ, ಕಪಾಟಿಗೆ ಹಣೆ ಬಡ್ಕೊಂಡು ಬೆಳೆದ ಪೀಳಿಗೆಯವನು. ಕಥೆ ಬೇಕು. ಕಥೆ ಜೂಲ್ ಲೆಕ್ಕ ಇಡಬೇಕಾಗಿಲ್ಲ. ಆದ್ರೆ ಉಳಿದು ಬಂದ ಕಥೆಗಳು ಯಾವುದೋ ಒಂದು ಲೆಕ್ಕ ಇಟ್ಟೇ ಇರುತ್ತವೆ. ಅಕ್ಷಯಪಾತ್ರೆ ಅನ್ನ ಕೊಡುತ್ತೆ, ದ್ರೌಪದಿ ಉಂಡ ಮೇಲೆ ಆ ದಿನಕ್ಕೆ ನಿಲ್ಲುತ್ತೆ. ಹನುಮಂತನಿಗೆ ಬಲ ಇದೆ, ಯಾರಾದ್ರೂ ನೆನಪಿಸೋವರೆಗೂ ಅದು ಅವನಿಗೇ ಗೊತ್ತಿಲ್ಲ.

ಇನ್ನೊಂದು ಕಥೆ, ನನಗೆ ಎಲ್ಲಕ್ಕಿಂತ ಇಷ್ಟವಾದದ್ದು, ಇದೇ ಬೆಟ್ಟದ ಹೆಸರಿನ ಜೊತೆ ಬಂದದ್ದು. ಪುರಂದರದಾಸರು ಈ ಪುರಂದರಗಡದವರು ಅನ್ನೋ ಪ್ರತೀತಿ ಬಹಳ ಕಾಲದಿಂದ ಇದೆ. ತೀರ್ಥಹಳ್ಳಿ ಹತ್ತಿರದ ಆರಗದವರು ಅನ್ನೋ ವಾದವೂ ಇದೆ. ಆ ಜಗಳ ವಿದ್ವಾಂಸರಿಗಿರಲಿ. ನಮಗೆ ಬೇಕಾಗಿರೋದು ಮೂಗುತಿ.

ಕಥೆ ನಿಮಗೆ ಗೊತ್ತು. ನವಕೋಟಿ ನಾರಾಯಣ ಅನ್ನಿಸಿಕೊಂಡ ಶ್ರೀನಿವಾಸ ನಾಯಕ ಮಹಾ ಜಿಪುಣ. ಮಗನ ಮುಂಜಿಗೆ ಅಂತ ಕೇಳ್ಕೊಂಡು ಬಂದ ಬಡ ಬ್ರಾಹ್ಮಣನಿಗೆ ಕಾಸು ಬಿಚ್ಚಲಿಲ್ಲ. ಹೆಂಡತಿ ಸರಸ್ವತಿ ತನ್ನ ಮೂಗುತಿ ಕೊಟ್ಟಳು. ಬ್ರಾಹ್ಮಣ ಅದನ್ನೇ ನಾಯಕನ ಅಂಗಡಿಗೆ ತಂದ. ನಾಯಕ ಗುರುತು ಹಿಡಿದು, ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿ, ಮನೆಗೆ ಹೋಗಿ ಮೂಗುತಿ ತೋರಿಸು ಅಂದ. ಆಕೆ ಹೆದರಿ ವಿಷ ಕುಡಿಯೋಕೆ ಹೊರಟಾಗ ಬಟ್ಟಲಿಗೆ ಠಣ್ ಅಂತ ಮೂಗುತಿ ಬಿತ್ತು.

ಇಲ್ಲಿಗೆ ಕಥೆ ಮುಗಿಸಬಹುದಿತ್ತು. ಮುಗಿಸಲಿಲ್ಲ. ನಾಯಕ ಅಂಗಡಿಗೆ ಓಡಿ ಹೋಗಿ ಬೀಗ ತೆಗೆದು ನೋಡ್ತಾನೆ. ಪೆಟ್ಟಿಗೆ ಖಾಲಿ.

ಈ ಖಾಲಿ ಪೆಟ್ಟಿಗೆಯನ್ನ ಗಮನಿಸಿ. ದೇವರು ಮನಸ್ಸು ಮಾಡಿದ್ದರೆ ಇನ್ನೊಂದು ಮೂಗುತಿ ಕೊಡಬಹುದಿತ್ತಲ್ಲ? ಆಗ ಪೆಟ್ಟಿಗೆಯಲ್ಲಿ ಒಂದು, ಬಟ್ಟಲಲ್ಲಿ ಒಂದು. ನಾಯಕ ಏನು ಮಾಡ್ತಿದ್ದ? ಲಾಭ ಆಯ್ತು ಅಂತ ಖಾತೆಯಲ್ಲಿ ಬರ್ಕೊಂಡು ಊಟಕ್ಕೆ ಕೂರ್ತಿದ್ದ. ಪುರಂದರದಾಸ ಹುಟ್ತಾನೇ ಇರಲಿಲ್ಲ. ಜೀವನವಿಡೀ ಲೆಕ್ಕ ಬರೆದ ವ್ಯಾಪಾರಿಯನ್ನ ಅಲ್ಲಾಡಿಸಿದ್ದು ಬಟ್ಟಲಿನ ಮೂಗುತಿ ಅಲ್ಲ, ಖಾಲಿ ಪೆಟ್ಟಿಗೆ. ಮೂಗುತಿ ಬೀಗ ದಾಟಿ ಹೋದದ್ದು ಪವಾಡ. ಆದ್ರೆ ಮೂಗುತಿ ಒಂದೇ. ಒಂದು ಕಡೆ ಬಂತು ಅಂದ್ರೆ ಇನ್ನೊಂದು ಕಡೆ ಖಾಲಿಯಾಗಿರಬೇಕು ಅಂತ ಈ ಕಥೆ ಕಟ್ಟಿದವರಿಗೆ ಗೊತ್ತಿತ್ತು. ಲವಾಸಿಯೇನ ರಸಾಯನಶಾಸ್ತ್ರ ಅವರು ಓದಿರಲಿಲ್ಲ, ವ್ಯಾಪಾರ ನೋಡಿದ್ರು.

ಪವಾಡ, ಸೂಪರ್ ಪವರ್, ಸ್ಟಾರ್ಟಪ್, ಯಾವುದೇ ಇರಲಿ, ಕೇಳಬೇಕಾದ ಪ್ರಶ್ನೆ ಇದೊಂದೇ: ಯಾವ ಪೆಟ್ಟಿಗೆ ಖಾಲಿಯಾಯಿತು?

ಚಿಟಿಕೆ ವಿಭೂತಿ, ಹತ್ತು ದಿನ ಶರಾವತಿ

ಈ ಪ್ರಶ್ನೆಯನ್ನ ಕರ್ನಾಟಕದಲ್ಲಿ ಗಟ್ಟಿಯಾಗಿ ಕೇಳಿದವರು ಡಾ. ಎಚ್. ನರಸಿಂಹಯ್ಯ. ಗೌರಿಬಿದನೂರಿನ ಹೊಸೂರಿನಿಂದ ಬಂದು, ಅಮೆರಿಕದ ಓಹಿಯೋದಲ್ಲಿ ಪರಮಾಣು ಭೌತಶಾಸ್ತ್ರದಲ್ಲಿ ಡಾಕ್ಟರೇಟ್ ಪಡೆದು, ಬೆಂಗಳೂರಿನ ನ್ಯಾಷನಲ್ ಕಾಲೇಜಿನ ಹಾಸ್ಟೆಲ್ ಕೋಣೆಯಲ್ಲೇ ಜೀವನ ಕಳೆದವರು. ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದಾಗ, 1976ರಲ್ಲಿ, ಪವಾಡಗಳನ್ನ ಪರೀಕ್ಷೆ ಮಾಡೋಕೆ ಒಂದು ಸಮಿತಿ ಮಾಡಿದರು. ಬರಿಗೈಯಿಂದ ವಿಭೂತಿ, ಉಂಗುರ ತೆಗೆಯೋರ ಕಾಲ ಅದು. ಅವರು ಹಾಕಿದ ಸವಾಲು ಹೆಸರಾಯ್ತು: ಕೈಯಲ್ಲಿ ಅಡಗಿಸೋಕೆ ಆಗದ ಒಂದು ಕುಂಬಳಕಾಯಿ ಸೃಷ್ಟಿ ಮಾಡಿ ತೋರಿಸಲಿ.

ಕುಂಬಳಕಾಯಿ ಯಾಕೆ? ವಿಭೂತಿಗೆ ಖಾಲಿಯಾಗೋ ಪೆಟ್ಟಿಗೆ ಬೆರಳ ಸಂದಿಯಲ್ಲೂ ಇರಬಹುದು, ಅಂಗಿ ತೋಳಿನಲ್ಲೂ ಇರಬಹುದು. ಕುಂಬಳಕಾಯಿ ಇಡೋ ಪೆಟ್ಟಿಗೆ ಎಲ್ಲರಿಗೂ ಕಾಣುತ್ತೆ.

ಶೂನ್ಯದಿಂದ ಬರೀ ಹತ್ತು ಗ್ರಾಂ ವಿಭೂತಿ ಹುಟ್ಟಬೇಕು ಅಂದ್ರೆ, ಐನ್‌ಸ್ಟೈನರ ಲೆಕ್ಕದಲ್ಲಿ, 25 ಕೋಟಿ ಯೂನಿಟ್ ಬೇಕು. ಶರಾವತಿಯ ಹತ್ತೂ ಯಂತ್ರ ಹತ್ತು ದಿನ. ನಿಜವಾಗಿ ಅಂಥ ಕೈ ಇದ್ದವರು ಬೂದಿ ಯಾಕೆ ಕೊಡಬೇಕು? ಅದೇ ಶಕ್ತಿಯನ್ನ ನೇರವಾಗಿ ಕೊಟ್ಟಿದ್ದರೆ ನಮ್ಮೂರಲ್ಲಿ ಲೋಡ್ ಶೆಡ್ಡಿಂಗ್ ಇರ್ತಿರಲಿಲ್ಲ.

ಮಾವನ ಯಂತ್ರ

ಈಗ ನನ್ನ ಕಥೆ. ನಮ್ಮೂರು ಬಾಗಲಕೋಟೆ ಜಿಲ್ಲೆ, ಮುಧೋಳದ ಕಡೆ. ನಮ್ಮ ಸೋದರಮಾವನಿಗೆ ಐದು ಎಕರೆ, ಒಂದು ಬೋರ್, ಐದು ಎಚ್‌ಪಿ ಮೋಟರ್. ಹೊಲಕ್ಕೆ ತ್ರೀ ಫೇಸ್ ಕರೆಂಟ್ ಬರೋದು ಕೆಲವೇ ಗಂಟೆ, ಅದೂ ಎಷ್ಟೋ ದಿನ ನಡುರಾತ್ರಿ. ಅರವತ್ತು ದಾಟಿದ ಮನುಷ್ಯ ಬ್ಯಾಟರಿ ಹಿಡ್ಕೊಂಡು ಹಾವು ಚೇಳಿನ ನಡುವೆ ನೀರು ಬಿಡೋಕೆ ಹೋಗ್ತಾರೆ.

ಕಳೆದ ವರ್ಷ ಅವರು ನನಗೆ ಒಂದು ವಿಡಿಯೋ ಕಳಿಸಿದರು. ತಗಡಿನ ದೊಡ್ಡ ಪೆಟ್ಟಿಗೆ, ಮೇಲೆ ಮೋಟರ್, ಬೆಲ್ಟ್, ಭಾರವಾದ ಗಾಲಿ, ಆಲ್ಟರ್ನೇಟರ್. ಮೋಟರ್ ಗಾಲಿ ತಿರುಗಿಸುತ್ತೆ, ಗಾಲಿ ಆಲ್ಟರ್ನೇಟರ್ ತಿರುಗಿಸುತ್ತೆ, ಅದರ ಕರೆಂಟ್ ಮತ್ತೆ ಮೋಟರಿಗೆ. ಉಳಿದ ಕರೆಂಟ್ ಪಂಪಿಗೆ. ಆಮೇಲೆ ಫೋನ್. "ನೋಡು ಅಳಿಯಾ, ಒಮ್ಮಿ ಚಾಲೂ ಮಾಡಿದ್ರ ಸಾಕಂತ, ತಾನಾ ನಡೀತದಂತ. ಎಣ್ಣಿ ಬ್ಯಾಡ, ಲೈನ್ ಬ್ಯಾಡ. ನೀ ಇದನ್ನ ಓದಾಂವ, ಏನಂತಿ?"

ನಾನು ಓದಿದ್ದು ಪವರ್ ಎಲೆಕ್ಟ್ರಾನಿಕ್ಸ್‌ನಲ್ಲಿ ಎಂಟೆಕ್. ಆಮೇಲೆ ಎಲ್ಲರ ಹಾಗೆ ಸಾಫ್ಟ್‌ವೇರ್‌ಗೆ ಬಂದೆ. ಆ ಹೊತ್ತಿಗೆ ರಿಲೀಸ್ ಕಾಲ್‌ನಲ್ಲಿದ್ದೆ. "ನೋಡ್ತೀನಿ ಮಾವಾ, ಮತ್ತ ಫೋನ್ ಮಾಡ್ತೀನಿ" ಅಂದೆ. ವಿಡಿಯೋ ಮೊದಲ ಹತ್ತು ಸೆಕೆಂಡ್ ನೋಡಿದೆ. ಮನಸ್ಸಿನಲ್ಲೇ ನಕ್ಕೆ. ವಾಟ್ಸಾಪಿನಲ್ಲಿ ಒಂದು ಹೆಬ್ಬೆರಳು ಒತ್ತಿದೆ. ನನ್ನ ಅರ್ಥದಲ್ಲಿ ಅದು "ವಿಡಿಯೋ ಬಂತು" ಅಂತ. ಮಾವನ ಅರ್ಥದಲ್ಲಿ "ತಗೋ" ಅಂತ. ವಾಪಸ್ ಫೋನ್ ಮಾಡೋದು ಮರೆತೆ.

ಊರಲ್ಲಿ ಅವರು ನಾಲ್ಕು ಜನಕ್ಕೆ ಹೇಳಿದರಂತೆ, ನಮ್ಮ ಪುಣೆ ಅಳಿಯ ಹೂಂ ಅಂದಾನ ಅಂತ. ಎರಡು ಕಂತಿನಲ್ಲಿ ಒಂದು ಲಕ್ಷ ಅರವತ್ತು ಸಾವಿರ ಕೊಟ್ಟರು. ಯಂತ್ರ ಬಂತು. ಜನ ಸೇರಿದ್ರು. ಪಂಪ್ ಅರ್ಧ ಗಂಟೆ ನೀರು ಎತ್ತಿತು, ನಿಂತಿತು. ಮಾರಿದವನು ಬೇರಿಂಗ್ ಬದಲಿಸಬೇಕು ಅಂದ. ಆಮೇಲೆ ಅವನ ಫೋನ್ ಸ್ವಿಚ್ ಆಫ್.

ಮಾವ ನನಗೆ ಹೇಳಲೇ ಇಲ್ಲ. ಅವ್ವನಿಂದ ಗೊತ್ತಾಯ್ತು. ದೀಪಾವಳಿಗೆ ಊರಿಗೆ ಹೋದಾಗ ಸ್ಪ್ಯಾನರ್ ಹಿಡ್ಕೊಂಡು ಇಬ್ಬರೂ ಕೂತು ಆ ತಗಡಿನ ಪೆಟ್ಟಿಗೆ ಬಿಚ್ಚಿದೆವು. ಒಳಗೆ ಲಾರಿಗೆ ಹಾಕೋ ಎರಡು ಹಳೇ ಬ್ಯಾಟರಿ, ಒಂದು ಇನ್ವರ್ಟರ್. ಎರಡೂ ಬ್ಯಾಟರಿ ಪೂರ್ತಿ ಸತ್ತಿದ್ವು. ಅಂಥ ಎರಡು ಬ್ಯಾಟರಿಯಲ್ಲಿ ಹೊಸದಾಗಿದ್ದಾಗಲೇ ಮೂರೂವರೆ ಯೂನಿಟ್ ಇರುತ್ತೆ. ಐದು ಎಚ್‌ಪಿ ಪಂಪಿಗೆ ಗಂಟೆಗೆ ನಾಲ್ಕು ಯೂನಿಟ್ ಹತ್ತಿರ ಬೇಕು. ಅರ್ಧ ಗಂಟೆ ಓಡಿದ್ದೇ ಹೆಚ್ಚು.

ಪೆಟ್ಟಿಗೆ ಖಾಲಿಯಾಗಿತ್ತು. ಯಾವ ಪೆಟ್ಟಿಗೆ ಅಂತ ಮೊದಲೇ ಕೇಳಿದ್ದರೆ ಸಾಕಿತ್ತು.

ಅಲ್ಲೇ ಹೊಲದಲ್ಲಿ ಒಂದು ರಟ್ಟಿನ ಮೇಲೆ ಲೆಕ್ಕ ಬರೆದು ತೋರಿಸಿದೆ. ನೂರು ರೂಪಾಯಿ ಕರೆಂಟ್ ಮೋಟರಿಗೆ ಹಾಕಿದ್ರೆ 85 ತಿರುಗಾಟ ಆಗುತ್ತೆ, 15 ಬಿಸಿಯಾಗಿ ಹೋಗುತ್ತೆ. ಬೆಲ್ಟ್ ನೂರಕ್ಕೆ ಐದು ತಿನ್ನುತ್ತೆ. ಆಲ್ಟರ್ನೇಟರ್ ಮತ್ತೆ ನೂರಕ್ಕೆ 15 ತಿನ್ನುತ್ತೆ. ಒಂದು ಸುತ್ತು ಮುಗಿದಾಗ ಕೈಯಲ್ಲಿ 69. ಎರಡನೇ ಸುತ್ತಿಗೆ 47, ಮೂರನೇ ಸುತ್ತಿಗೆ 32. ಪಂಪಿಗೆ ಕೊಡೋದಿರಲಿ, ತನ್ನನ್ನ ತಾನೇ ತಿರುಗಿಸಿಕೊಳ್ಳೋಕೂ ಆಗಲ್ಲ. ಮಾವ ನೋಡಿದ್ರು. "ದಲಾಲಿ ಕೊಟ್ಟು ಕೊಟ್ಟು ರೊಕ್ಕಾ ಮುಗಿದ್ಹಂಗ" ಅಂದ್ರು. ನನ್ನ ಎಂಟೆಕ್‌ನಲ್ಲಿ ಯಾರೂ ಇಷ್ಟು ಚೆನ್ನಾಗಿ ಹೇಳಿರಲಿಲ್ಲ.

ಸ್ವಲ್ಪ ಹೊತ್ತು ಬಿಟ್ಟು ಮೆಲ್ಲಗೆ ಅಂದ್ರು: "ನೀ ಹೆಬ್ಬಟ್ಟು ಹಾಕಿದ್ದಿ ಅಲ್ಲೇನಪಾ." ಬೈದಿದ್ದರೆ ಚೆನ್ನಾಗಿತ್ತು. ಬೈಲಿಲ್ಲ.

ಹಳೇ ಆಸೆ

ಮಾವನನ್ನ ದಡ್ಡ ಅನ್ನೋರಿಗೆ ಒಂದು ಮಾತು. ಭಾಸ್ಕರಾಚಾರ್ಯರು 1150ರಲ್ಲಿ ಸಿದ್ಧಾಂತ ಶಿರೋಮಣಿ ಬರೆದರು. ಅವರ ಊರು ವಿಜ್ಜಡವಿಡ. ಅದು ನಮ್ಮ ವಿಜಯಪುರ ಅಂತ ಒಂದು ವಾದ, ಮಹಾರಾಷ್ಟ್ರದ ಊರು ಅಂತ ಇನ್ನೊಂದು. ಲೀಲಾವತಿ ಬರೆದ ಅದೇ ಮೇಧಾವಿ ತಾನೇ ತಿರುಗುವ ಒಂದು ಚಕ್ರವನ್ನೂ ವಿವರಿಸಿದ್ದಾರೆ. ಟೊಳ್ಳು ಕಡ್ಡಿಗಳ ಗಾಲಿ, ಕಡ್ಡಿಗಳಲ್ಲಿ ಅರ್ಧದಷ್ಟು ಪಾದರಸ. ಪಾದರಸ ಒಂದು ಕಡೆ ಹೊರಕ್ಕೆ ಹರಿದು ಭಾರ ಹೆಚ್ಚಾಗಿ ಚಕ್ರ ತಿರುಗುತ್ತಲೇ ಇರುತ್ತೆ ಅನ್ನೋ ಯೋಚನೆ. ತಿರುಗಲ್ಲ. ಇಳಿಯೋ ಪಾದರಸ ಎಷ್ಟು ಕೊಡುತ್ತೋ, ಅದನ್ನ ಮತ್ತೆ ಮೇಲಕ್ಕೆ ಎತ್ತೋಕೆ ಅಷ್ಟೇ ಬೇಕು, ಮೇಲೆ ಘರ್ಷಣೆಯ ದಲಾಲಿ ಬೇರೆ. ಯುರೋಪಿನವರೂ ಇಂಥ ಚಕ್ರಗಳ ಹಿಂದೆ ಶತಮಾನಗಟ್ಟಲೆ ಬಿದ್ದಿದ್ದರು. 1775ರಲ್ಲಿ ಪ್ಯಾರಿಸ್‌ನ ರಾಯಲ್ ವಿಜ್ಞಾನ ಅಕಾಡೆಮಿ, ನಿರಂತರ ಚಲನೆಯ ಯಂತ್ರದ ಪ್ರಸ್ತಾಪಗಳನ್ನ ಇನ್ನು ಪರಿಶೀಲಿಸೋದೇ ಇಲ್ಲ ಅಂತ ತೀರ್ಮಾನ ಮಾಡಿತು.

ಮುಂದೆ ಯಾರಾದ್ರೂ ಈ ನಿಯಮ ಮುರೀಬಹುದಲ್ಲ ಅಂತ ಕೇಳ್ತೀರಿ. 1918ರಲ್ಲಿ ಎಮ್ಮಿ ನ್ಯೂಥರ್ ಅನ್ನೋ ಗಣಿತಜ್ಞೆ ತೋರಿಸಿದ್ದು ಇದು: ಪ್ರಕೃತಿಯ ನಿಯಮ ಇವತ್ತು ಹೇಗಿದೆಯೋ ನಾಳೆಯೂ ಹಾಗೇ ಇದ್ದರೆ, ಶಕ್ತಿಯ ಒಟ್ಟು ಮೊತ್ತ ಬದಲಾಗೋಕೆ ಆಗಲ್ಲ. ಎರಡೂ ಒಂದೇ ಮಾತು. ಶಕ್ತಿ ಪುಕ್ಕಟೆ ಸಿಗೋ ಲೋಕದಲ್ಲಿ ನಿನ್ನೆಯ ನಿಯಮ ಇವತ್ತು ನಡೆಯಲ್ಲ. ನಿನ್ನೆ ಬರೆದ ಕೋಡ್ ಇವತ್ತು ಓಡಲ್ಲ!

ಹನುಮಂತನ ಕಥೆ ಕೇಳಿ ಯಾರೂ ಮೋಸ ಹೋಗಿಲ್ಲ. ಆ ಕಥೆ ನಮ್ಮಿಂದ ದುಡ್ಡು ಕೇಳಲ್ಲ. ಅದೇ ಮಾಯೆ ಕಥೆಯಿಂದ ಹೊರಗೆ ಬಂದು, ರೇಟ್ ಹೇಳಿ, ರಸೀದಿ ಕೊಡೋಕೆ ಶುರು ಮಾಡಿದಾಗ ಜೂಲ್ ಲೆಕ್ಕ ಹೊರಗೆ ತೆಗೀಬೇಕು. ಆ ಲೆಕ್ಕ ಗೊತ್ತಿರೋರು ಈಗ ಊರಲ್ಲಿಲ್ಲ. ಘಾಟ್ ಮೇಲೆ, ಫ್ಲೈಓವರ್ ಕೆಳಗೆ, ಕಾಲ್‌ನಲ್ಲಿ ಇದ್ದೀವಿ. ಅದಕ್ಕೇ ಊರಿಂದ ವಿಡಿಯೋ ಬಂದಾಗ ಹೆಬ್ಬೆರಳು ಒತ್ತಬೇಡಿ. ಹತ್ತು ನಿಮಿಷ ಫೋನ್ ಮಾಡಿ. ನಗಬೇಡಿ, ಲೆಕ್ಕ ಹೇಳಿ.

ಮಾವ ಈಗ ಸರ್ಕಾರದ ಸಬ್ಸಿಡಿಯ ಸೋಲಾರ್ ಪಂಪಿಗೆ ಅರ್ಜಿ ಹಾಕಿದ್ದಾರೆ. ಅರ್ಜಿ ಹಾಕೋ ಮುಂಚೆ ಫೋನ್ ಮಾಡಿ ಕೇಳಿದ್ರು: "ಇದರಾಗ ಯಾವ ಪೆಟಗಿ ಖಾಲಿ ಆಕ್ಕೈತಿ ಹೇಳು ಮೊದ್ಲ." ಹೇಳಿದೆ. ಸೂರ್ಯನದು. ಸೂರ್ಯ ಪ್ರತಿ ಸೆಕೆಂಡಿಗೆ 40 ಲಕ್ಷ ಟನ್‌ಗಿಂತ ಹೆಚ್ಚು ದ್ರವ್ಯವನ್ನ ಬೆಳಕು ಮಾಡಿ ಖಾಲಿ ಆಗ್ತಾ ಇದ್ದಾನೆ. ಇನ್ನೂ ಐನೂರು ಕೋಟಿ ವರ್ಷಕ್ಕೆ ಸಾಕಾಗೋಷ್ಟು ಸರಕಿದೆ.

ಮಾವ ಸ್ವಲ್ಪ ಯೋಚನೆ ಮಾಡಿ, "ಹಂಗಾರ ನಡೀತದ ಬಿಡು" ಅಂದ್ರು.

ಇಷ್ಟೇ.